ಡೇರೆ ಹೂ ಮನೆಯೊಳಗೆ ಐದಾರು ದಿನ ನಿಲ್ಬೇಕು ಅಂದ್ರೆ

ಶ್ರಾವಣ ಶುರುವಾಯ್ತು ಅಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾರ ಮನೆ ಅಂಗಳಕ್ಕೆ ಹೋದ್ರೂ ಡೇರೆದೇ, ಅಂದ್ರೆ ಡೇಲಿಯಾ ಹೂವಿಂದೇ ದರ್ಬಾರು. ಆದ್ರೆ ಅದೇ ಹೂವನ್ನ ಕೊಯ್ದು ಒಳಗೆ ತಂದಿಟ್ರೆ ಮಾರನೇ ದಿನ ಸಂಜೆಗೇ ಕತ್ತು ಬಗ್ಗಿಸ್ಕೊಂಡು ಕೂತಿರುತ್ತೆ, ಆಗ ಎಲ್ರೂ ಕೇಳೋದು ನೀರಿಗೆ ಏನ್ ಹಾಕ್ಬೇಕು ಅಂತ. ನೀರಿಗೆ ಹಾಕೋದು ಆಮೇಲಿನ ಮಾತು ಮಾರಾಯ್ರೆ, ಮುಕ್ಕಾಲು ಪಾಲು ಕೊಯ್ಯೋ ಹೊತ್ತಲ್ಲೇ ತೀರ್ಮಾನ ಆಗಿರುತ್ತೆ.

ಗುಲಾಬಿ ಮೊಗ್ಗು ಕೊಯ್ದಿಟ್ರೆ ನೀರಲ್ಲಿ ಅರಳುತ್ತೆ, ಗ್ಲಾಡಿಯೋಲಸ್ಸೂ ಹಾಗೇ. ಡೇರೆ ಹಾಗಲ್ಲ, ಮೊಗ್ಗು ಕೊಯ್ದ್ರೆ ಮೊಗ್ಗಾಗೇ ಒಣಗುತ್ತೆ. ಹಾಗಂತ ಪೂರ್ತಿ ಅರಳಿ ಹಳೇದಾಗಿದ್ದೂ ಬೇಡ. ಮುಕ್ಕಾಲು ಅರಳಿರ್ಬೇಕು, ನಡುಮಧ್ಯ ಎಸಳುಗಳು ಇನ್ನೂ ಬಿಗಿಯಾಗಿ ಮಡಚ್ಕೊಂಡಿರ್ಬೇಕು. ಹೂವನ್ನ ತಿರುಗಿಸಿ ಹಿಂಬದಿ ನೋಡಿ, ವಯಸ್ಸು ಗೊತ್ತಾಗೋದು ಅಲ್ಲಿ. ದಂಟಿಗೆ ತಾಗಿರೋ ಕೊನೇ ಸಾಲಿನ ಎಸಳು ಬೆರಳಲ್ಲಿ ಮುಟ್ಟಿದ್ರೆ ಗಟ್ಟಿಯಾಗಿ ತಣ್ಣಗಿದ್ರೆ ಸೈ, ಕಾಗದದ ಥರ ತೆಳ್ಳಗಾಗಿ ಅಂಚು ಕಂದು ತಿರುಗಿದ್ರೆ ಅದನ್ನ ಗಿಡದಲ್ಲೇ ಬಿಟ್ಬಿಡಿ, ಎದುರಿಂದ ಎಷ್ಟೇ ಚಂದ ಕಂಡ್ರೂ ಎರಡು ದಿನದ್ದು ಅಷ್ಟೇ.

ಕೊಯ್ಯೋದು ಬೆಳಿಗ್ಗೆ, ಬಿಸಿಲೇರೋಕೆ ಮುಂಚೆ. ರಾತ್ರಿಯೆಲ್ಲಾ ಗಿಡ ನೀರು ಕುಡಿದಿರುತ್ತೆ. ಮಳೆ ಹೊಯ್ತಾ ಇದ್ರೆ ಒಂದು ಹೊಳವು ಸಿಗೋವರೆಗೆ ಕಾಯಿರಿ, ಕೊಯ್ದ ತಕ್ಷಣ ತಲೆಕೆಳಗೆ ಹಿಡಿದು ಮೆಲ್ಲಗೆ ಕೊಡವಿ, ಎಸಳೊಳಗೆ ನೀರು ನಿಂತ್ರೆ ಒಳಗಿಂದ್ಲೇ ಕೊಳೆಯೋಕೆ ಶುರುವಾಗುತ್ತೆ. ಜೊತೆಗೆ ಇರುವೆಗಳೂ ಅಂಗಳದಲ್ಲೇ ಉದುರುತ್ವೆ. ಚೂರಿ ಹರಿತ ಇರ್ಲಿ, ದಂಟನ್ನ ಕೈಯಲ್ಲಿ ಮುರಿಬೇಡಿ. ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ, ದಂಟು ಉದ್ದ ಬರೋ ಹಾಗೆ ಕೊಯ್ದ್ರೆ ಆ ಎಲೆಯ ಬುಡದಿಂದ ಹೊಸ ಚಿಗುರು ಬರುತ್ತೆ, ದಂಟು ಗಿಡ್ಡ ಮಾಡಿ ಕೊಯ್ದು ಗಿಡ ಉಳಿಸ್ದೆ ಅಂದ್ಕೊಳ್ಳೋದ್ರಲ್ಲಿ ಏನೂ ಅರ್ಥ ಇಲ್ಲ. ಬಕೆಟ್ ನೀರು ಗಿಡದ ಹತ್ರನೇ ಇಟ್ಕೊಳ್ಳಿ.

ಈಗ ಬಿಸಿನೀರು. ಕೇಳಿದೋರು ಮೊದಲು ನಂಬೋದೇ ಇಲ್ಲ. ಡೇರೆ ದಂಟು ಒಳಗೆ ಟೊಳ್ಳು, ಕೊಯ್ದಾಗ ಗಾಳಿ ಸೇರ್ಕೊಂಡು ನೀರು ಮೇಲೇರೋದಕ್ಕೆ ಅಡ್ಡ ಆಗುತ್ತೆ. ಬಚ್ಚಲ ಹಂಡೆಯಿಂದ ಒಂದು ಪಾತ್ರೆಗೆ ಎರಡು ಮೂರು ಇಂಚು ನೀರು ತಗೊಳ್ಳಿ, ಕೈ ಇಟ್ರೆ ತಡ್ಕೊಳ್ಳೋಕೆ ಆಗ್ಬಾರ್ದು ಆದ್ರೆ ಕುದೀತಾನೂ ಇರ್ಬಾರ್ದು, ಸುಮಾರು 70 ಡಿಗ್ರಿ ಅಂದ್ಕೊಳ್ಳಿ. ದಂಟಿನ ತುದಿಯನ್ನ ಓರೆಯಾಗಿ ಹೊಸದಾಗಿ ಕೊಯ್ದು ಅದ್ರಲ್ಲಿ ನಿಲ್ಸಿ, ಹಬೆ ಹೂವಿಗೆ ತಾಗದ ಹಾಗೆ, ಒಂದು ತಾಸು ನೀರು ತಾನಾಗೇ ಆರೋವರೆಗೆ ಬಿಡಿ. ಆಮೇಲೆ ತಣ್ಣೀರಿನ ಹೂದಾನಿಗೆ.

ಹೂದಾನಿ ಸೋಪು ಹಾಕಿ ತಿಕ್ಕಿ ತೊಳೆದಿರ್ಬೇಕು. ನೀರಲ್ಲಿ ಮುಳುಗೋ ಎಲೆ ಒಂದೂ ಇರ್ಬಾರ್ದು. ಸಕ್ರೆ ಹಾಕ್ಬೇಕು ಅನ್ನೋರಿಗೆ, ಲೀಟರಿಗೆ ಒಂದು ಚಮಚ ಸಾಕು, ಆದ್ರೆ ಬರೀ ಸಕ್ರೆ ಹಾಕಿದ್ರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಕ್ಕೆ ಊಟ ಆಗುತ್ತೆ, ಜೊತೆಗೆ ಎರಡು ಚಮಚ ನಿಂಬೆರಸ ಹಿಂಡಿ. ತಾಮ್ರದ ನಾಣ್ಯ, ತಲೆನೋವಿನ ಗುಳಿಗೆ ಇದಕ್ಕೆಲ್ಲಾ ನಾನಂತೂ ಕೈ ಹಾಕಲ್ಲ. ದಿನಾ ನೀರು ಬದಲಿಸಿ, ದಂಟಿಗೆ ಹತ್ತಿದ ಲೋಳೆ ಬೆರಳಲ್ಲಿ ಉಜ್ಜಿ ತೊಳೆದು, ತುದಿ ಅರ್ಧ ಇಂಚು ಕೊಯ್ಯಿರಿ, ಇದರ ಮುಂದೆ ಬೇರೆ ಯಾವ್ದೂ ಇಲ್ಲ.

ಎಲ್ಲಿಡ್ಬೇಕು ಅನ್ನೋದ್ರಲ್ಲಿ ಚೌತಿ ಟೈಮಲ್ಲಿ ಒಂದು ಎಡವಟ್ಟು ಆಗುತ್ತೆ. ಗಣಪತಿ ಮೇಲೆ ತೂಗು ಹಾಕಿದ ಹಣ್ಣು-ಕಾಯಿಗಳ ಫಲಾವಳಿ, ಪಕ್ಕದಲ್ಲಿ ಹಣ್ಣಾಗ್ತಿರೋ ಬಾಳೆಗೊನೆ, ಅದ್ರ ಬುಡದಲ್ಲೇ ಹೂದಾನಿ. ಹಣ್ಣಾಗೋ ಬಾಳೆಯಿಂದ ಎಥಿಲೀನ್ ಅನ್ನೋ ಗ್ಯಾಸ್ ಬರುತ್ತೆ, ಹೂವಿಗೂ ಬೇಗ ವಯಸ್ಸಾಗುತ್ತೆ. ಕೋಣೆಯ ಆಚೆ ಮೂಲೆಗೆ ಇಡಿ. ಫ್ಯಾನ್ ಕೆಳಗೆ, ಟಿವಿ ಪಕ್ಕ, ಬಿಸಿಲು ಬೀಳೋ ಕಿಟಕಿ ಇವೆಲ್ಲಾ ಬೇಡವೇ ಬೇಡ.

ಕಾರವಾರ, ಕುಮಟಾ ಕಡೆಯೋರು ಇಷ್ಟೆಲ್ಲಾ ಮಾಡಿದ್ರೂ ಒಂದೆರಡು ದಿನ ಕಮ್ಮಿ ಹಿಡ್ಕೊಳ್ಳಿ. ಡೇರೆ ಮೂಲ ಮೆಕ್ಸಿಕೋದ ಎತ್ತರದ ಜಾಗದ್ದು, 1963ರಲ್ಲಿ ಅದನ್ನ ಆ ದೇಶದ ರಾಷ್ಟ್ರೀಯ ಹೂ ಅಂತ್ಲೂ ಮಾಡಿದ್ರು, ಅದಕ್ಕೆ ತಂಪು ಬೇಕು, ಕರಾವಳಿ ಸೆಕೆ ಆಗ್ಬರಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಸಿ ಒಯ್ಯೋದಿದ್ರೆ ದಂಟಿಗೆ ಒದ್ದೆ ಬಟ್ಟೆ ಸುತ್ತಿ, ಹೂವಿಗೆ ಒಣ ಪೇಪರ್ ಸುತ್ತಿ, ಊರು ಮುಟ್ಟಿದ ಕೂಡ್ಲೇ ತುದಿ ಕೊಯ್ದು ನೀರಿಗೆ ಹಾಕಿ. ತಟ್ಟೆಯಗಲದ ಹೂಗಳಿಗಿಂತ ಚಿಕ್ಕ ಗುಂಡು ಜಾತಿಯವು ಜಾಸ್ತಿ ತಡೀತಾವೆ, ಒಯ್ಯೋಕೂ ಅವೇ ಒಳ್ಳೇದು. ಕತ್ತು ಬಗ್ಗಿದ್ರೂ ಎಸಳು ಗಟ್ಟಿ ಇದ್ರೆ ಬಿಸಾಡ್ಬೇಡಿ, ದಂಟು ಪೂರ್ತಿ ಕೊಯ್ದು ಅಗಲ ಪಾತ್ರೆಯ ನೀರಲ್ಲಿ ತೇಲಿಬಿಟ್ರೆ ಇನ್ನೊಂದು ದಿನಕ್ಕೆ ತೊಂದ್ರೆ ಇಲ್ಲ.