ಆಮ್ನಿಯೋ ರಿಪೋರ್ಟಿಗೆ ಎರಡು ವಾರ ಯಾಕೆ?

“ಮೇಡಂ, ಬ್ಲಡ್ ರಿಪೋರ್ಟ್ ಸಂಜೆಗೇ ಸಿಗುತ್ತೆ. ಇದಕ್ಕೆ ಯಾಕೆ ಎರಡು ವಾರ?” ನಮ್ಮ ಲ್ಯಾಬಿನ ಕೌಂಟರಿನಲ್ಲಿ ಗಂಡಂದಿರು ಆಮ್ನಿಯೋ, ಅಂದರೆ ಗರ್ಭದ ನೀರಿನ ಪರೀಕ್ಷೆಯ ಬಗ್ಗೆ ಕೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಹೆಂಡತಿ ಹೊಟ್ಟೆ ಮೇಲೆ ಕೈಯಿಟ್ಟು ಕೂತಿರುತ್ತಾರೆ. ಸರಿಯಾದ ಉತ್ತರ ಕೊಡಬೇಕು ಅಲ್ವಾ?

ಬಸಿರಿಗೆ 15 ವಾರ ತುಂಬಿದ ಮೇಲೆ ಡಾಕ್ಟರು ಸ್ಕ್ಯಾನ್ ನೋಡುತ್ತಾ, ತೆಳು ಸೂಜಿಯಿಂದ ಮಗುವಿನ ಸುತ್ತಲಿನ ನೀರನ್ನು 20 ಮಿಲಿಯಷ್ಟು ತೆಗೆಯುತ್ತಾರೆ. ಮೊದಲ ಒಂದೆರಡು ಮಿಲಿಯನ್ನು ಬಿಟ್ಟುಬಿಡುತ್ತೇವೆ, ಅದರಲ್ಲಿ ತಾಯಿಯ ಜೀವಕೋಶ ಬೆರೆತಿರಬಹುದು. ಉಳಿದ ನೀರಿನಲ್ಲಿ ಮಗುವಿನ ಮೈಯಿಂದ ಉದುರಿದ ಕೋಶಗಳಿರುತ್ತವೆ. ಜಾಸ್ತಿ ಪಾಲು ಸತ್ತವೇ. ಜೀವ ಇರುವ ಕೆಲವನ್ನು 37 ಡಿಗ್ರಿಯಲ್ಲಿಟ್ಟು ಬೆಳೆಸಬೇಕು. ಮೊದಲ ನಾಲ್ಕೈದು ದಿನ ನಾನು ಫ್ಲಾಸ್ಕ್ ಅಲ್ಲಾಡಿಸುವುದೇ ಇಲ್ಲ. ಕೋಶ ತಳಕ್ಕೆ ಕಚ್ಚಿಕೊಳ್ಳಬೇಕು.

ಅವು ಒಡೆದು ಎರಡಾಗುವ ಹೊತ್ತಿಗೆ ಕಾಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ತಡೆಯುತ್ತೇವೆ. ವಂಶವಾಹಿಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮ್‌ಗಳು ಚೆನ್ನಾಗಿ ಕಾಣುವುದು ಆಗಲೇ. ಸ್ಲೈಡಿಗೆ ಬಿಟ್ಟು ಒಣಗಿಸಿ, ಟ್ರಿಪ್ಸಿನ್ ಎಂಬ ಕಿಣ್ವ ತಾಗಿಸಿ, ಜೀಮ್ಸಾ ಬಣ್ಣ ಹಾಕಿದರೆ ಪಟ್ಟೆಗಳು ಮೂಡುತ್ತವೆ. ಒಣಗುವ ವೇಗದ ಮೇಲೆ ಎಲ್ಲ ನಿಂತಿದೆ. ಮಳೆಗಾಲದಲ್ಲಿ ಸ್ಲೈಡ್ ನಿಧಾನ ಒಣಗಿ, ಕ್ರೋಮೋಸೋಮ್‌ಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆ ದಿನಗಳಲ್ಲಿ ನನಗೆ ಊಟವೂ ತಡ.

ಮಗು ಗಂಡೋ ಹೆಣ್ಣೋ ಎಂದು ತಿಳಿಸುವ ಎಕ್ಸ್, ವೈ ಕ್ರೋಮೋಸೋಮ್ ಕೂಡ ಕಣ್ಣೆದುರೇ ಇರುತ್ತವೆ. ಅದನ್ನು ಮನೆಯವರಿಗೆ ಹೇಳಬಾರದು ಎಂದು 1994ರ ಕಾಯ್ದೆ ಇದೆ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೇಳಿಲ್ಲ.

ಒಂದು ಕೇಸ್ ಮಾತ್ರ ಮರೆಯಲಾರೆ. ಕೋಶ ಬೆಳೆಸದೆಯೇ ಕ್ರೋಮೋಸೋಮನ್ನು ಹೊಳೆಯುವ ಚುಕ್ಕಿಯಾಗಿ ತೋರಿಸುವ, ಬೇಗ ಬರುವ ಫಿಶ್ ಪರೀಕ್ಷೆಯಲ್ಲಿ 21ನೇ ಕ್ರೋಮೋಸೋಮಿಗೆ ಎರಡರ ಬದಲು ಮೂರು ಚುಕ್ಕಿ. ಡೌನ್ ಸಿಂಡ್ರೋಮ್. “ಗೊತ್ತಾಯ್ತಲ್ಲ, ಇನ್ನು ಸುಮ್ನೆ ಯಾಕೆ ಕಾಯೋದು?” ಅಂದರು ಮನೆಯವರು. ದಯವಿಟ್ಟು ಕಾಯಿರಿ ಅಂದೆ. ಕೋಶ ಬೆಳೆದ ಮೇಲೆ ಕ್ರೋಮೋಸೋಮ್ ಎಣಿಸಿದರೆ, ಒಂದು ಹೆಚ್ಚಾಗಿ 47 ಇರಬೇಕಾದಲ್ಲಿ ಎಲ್ಲರಂತೆ 46! ಮತ್ತೆ ಎಣಿಸಿದೆ. 20 ಕೋಶಗಳಲ್ಲೂ ಅಷ್ಟೇ. ಹೆಚ್ಚಿನ 21 ಬಿಡಿಯಾಗಿರಲಿಲ್ಲ, ಒಂದು 14ನೇ ಕ್ರೋಮೋಸೋಮಿಗೆ ಅಂಟಿಕೊಂಡಿತ್ತು. ಫಿಶ್ ಚುಕ್ಕಿ ಎಣಿಸುತ್ತದೆ, ಈ ಅಂಟನ್ನು ತೋರಿಸಲಿಲ್ಲ.

ತಂದೆ ತಾಯಿ ಇಬ್ಬರ ರಕ್ತ ತರಿಸಿದೆವು. ತಾಯಿಯಲ್ಲಿ ಬರೀ 45, ಅದೇ 14-21 ಜೋಡಿ ಅಂಟಿ ಒಂದಾಗಿತ್ತು. ಆಕೆ ಪೂರ್ತಿ ಆರೋಗ್ಯವಂತೆ. ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಡೌನ್ ಬರುವ ಸಾಧ್ಯತೆ ನೂರಕ್ಕೆ 10ರಿಂದ 15. ಮಗುವಿನ ಹೆಚ್ಚಿನ 21 ಬಿಡಿಯಾಗಿದ್ದಿದ್ದರೆ, ಮುಂದಿನ ಬಸಿರಿನಲ್ಲಿ ಆ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು.

ವರದಿ ವಿವರಿಸುವಾಗ ಡಾಕ್ಟರು ಒಡಹುಟ್ಟಿದವರ ಬಗ್ಗೆ ಕೇಳಿದರು. ಒಬ್ಬ ತಂಗಿ, ಮದುವೆಯಾಗಿ ಆರು ತಿಂಗಳು. ಮುಂದಿನ ಸೋಮವಾರ ಅಕ್ಕನೇ ಅವಳನ್ನು ನಮ್ಮ ಲ್ಯಾಬಿಗೆ ಕರೆತಂದರು.