ಬ್ಲೂಸ್ ಕೈಗೆ ಹತ್ತಿದ್ದು ಆದಿತಾಳದಿಂದ

ಹೋದ ತಿಂಗಳು ಕೋಲಾರದ ಒಂದು ಮದುವೆ ರಿಸೆಪ್ಷನ್‌ನಲ್ಲಿ, ಜನ ಊಟಕ್ಕೆ ನುಗ್ಗುವ ಹೊತ್ತಿಗೆ, ಹತ್ತು ನಿಮಿಷ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ, ನುಡಿಸಿದೆ. ಯಾರೂ ಬಯ್ಯಲಿಲ್ಲ. ಹುಡುಗಿಯ ಸೋದರಮಾವ ಸ್ಟೇಜ್ ಹತ್ತಿರ ಬಂದು, "ಅದೇನೋ ಎಳೆದೆಳೆದು ನುಡಿಸಿದ್ರಲ್ಲ, ಇನ್ನೊಂದ್ಸಲ ಆಗಲಿ" ಅಂದರು. ನಮ್ಮ ರಿದಮ್ ಪ್ಯಾಡ್ ಹುಡುಗನ ಮುಖ ನೋಡಬೇಕಿತ್ತು. "ಅಣ್ಣಾ, ಇದು ಸಾವಿನ ಮನೆ ಹಾಡು, ಪೇಮೆಂಟ್ ಕಟ್ ಆಗುತ್ತೆ" ಅಂತ ಎರಡು ವರ್ಷ ತಲೆ ತಿಂದವನು ಅವನೇ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಹಿಡಿದು ಹದಿನೆಂಟು ವರ್ಷ ಆಯ್ತು. ಬ್ಲೂಸ್ ಕಿವಿಗೆ ಬಿದ್ದಿದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಸ್ಪೀಕರ್ ರಿಪೇರಿಗೆ ಹೋಗಿದ್ದೆ. 2001ರಲ್ಲಿ ಮುಚ್ಚುವವರೆಗೂ ಗಣಿಯಲ್ಲಿ ದುಡಿದಿದ್ದ ಒಬ್ಬ ತಾತ ಅಂಗಡಿಯಲ್ಲಿ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಕ್ಯಾಸೆಟ್ ಹಾಕಿಕೊಂಡು ಕೂತಿದ್ದರು. ಗಿಟಾರ್ ಒಂದೇ ಸ್ವರ ಹಿಡಿದು ಅಲುಗಾಡಿಸುತ್ತಿತ್ತು, ಅಷ್ಟೇ. ನಾನು ಸ್ಪೀಕರ್ ಅಲ್ಲೇ ಬಿಟ್ಟು ಬಸ್ ಹತ್ತಿಬಿಟ್ಟೆ.

ಆಮೇಲೆ ದುಡ್ಡು ಸುಟ್ಟಿದ್ದೇ ಸುಟ್ಟಿದ್ದು. ಆನ್‌ಲೈನ್ ಕ್ಲಾಸಿಗೆ ಆರು ಸಾವಿರ, ಮೂರನೇ ಪಾಠಕ್ಕೇ ಸಾಕಾಯ್ತು. ಸೆಕೆಂಡ್ ಹ್ಯಾಂಡ್ ಗಿಟಾರ್ ಏಳೂವರೆ ಸಾವಿರಕ್ಕೆ ತಂದೆ. ಬೆರಳು ಊದಿ ಸ್ಟೇಜಿನಲ್ಲಿ ಕೀಬೋರ್ಡ್ ನುಡಿಸೋದೂ ಕೆಟ್ಟಿತು. ಗಿಟಾರನ್ನು ನಾಲ್ಕು ಸಾವಿರಕ್ಕೆ ಮಾರಿದೆ. ಒಟ್ಟು ಕಳೆದಿದ್ದು ಒಂಬತ್ತೂವರೆ ಸಾವಿರ ಇರಬಹುದು. ಸರಿಯಾದ ಲೆಕ್ಕ ಮನೆಯವಳ ಹತ್ತಿರ ಇದೆ, ನಾನು ಕೇಳಲ್ಲ.

ನನ್ನ ತೊಂದರೆ ಒಂದೇ. ಬ್ಲೂಸಿನ ಒಂದು ಸುತ್ತಿಗೆ ಸಾಮಾನ್ಯವಾಗಿ ಹನ್ನೆರಡು ಬಾರ್, ಒಂದೊಂದು ಬಾರಿಗೆ ನಾಲ್ಕು ಎಣಿಕೆ. ಹನ್ನೆರಡು ಬಾರ್‌ನಲ್ಲಿ ಒಂಬತ್ತನೇದಕ್ಕೆ ಬಂದರೆ ದಾರಿ ತಪ್ಪುತ್ತಿತ್ತು. ಪ್ರತಿ ಸಲ ಅಲ್ಲೇ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಫೋನಲ್ಲಿ ಹಾಡು ಬಿಟ್ಟು ಸುಮ್ನೆ ತೊಡೆ ಮೇಲೆ ತಾಳ ಹಾಕುತ್ತಾ ಕೂತೆ. ಹನ್ನೆರಡು ನಾಲ್ಕಲೆ ನಲವತ್ತೆಂಟು, ಅಂದರೆ ಎಂಟೆಣಿಕೆಯ ಆದಿತಾಳದ ಆರು ಆವರ್ತನ (ಸುತ್ತು)! ಮೊದಲೆರಡು ಆವರ್ತನ ಷಡ್ಜದ (ಸ) ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು), ಮೂರನೇದು ಮಧ್ಯಮ (ಮ), ನಾಲ್ಕನೇದು ಮತ್ತೆ ಷಡ್ಜ. ಐದನೇದರಲ್ಲಿ ಲಘುವಿಗೆ (ಮೊದಲ ನಾಲ್ಕೆಣಿಕೆ) ಪಂಚಮ (ಪ), ಎರಡು ದ್ರುತಕ್ಕೆ (ಉಳಿದ ನಾಲ್ಕು) ಮಧ್ಯಮ. ಆರನೇದಕ್ಕೆ ಮನೆಗೆ ವಾಪಸ್. ಎಲ್ಲವೂ ಸೆವೆಂತ್ ಕಾರ್ಡೇ (ನಾಲ್ಕು ಸ್ವರದ್ದು). ನಡೆ ತಿಶ್ರ, ಒಂದೆಣಿಕೆಗೆ ಮೂರು ಭಾಗ. ತಕಿಟದಲ್ಲಿ ನಡುವಿನ 'ಕಿ' ನುಂಗಿದರೆ ಆ ಕುಂಟು ನಡಿಗೆ ತಾನಾಗೇ ಬರುತ್ತೆ. ಆ ದಿನದಿಂದ ಒಂದೇ ಹಾಡು, ಹೆಚ್ಚುಕಮ್ಮಿ ನಲವತ್ತು ದಿನ ಕೇಳಿದೆ. ಬೇರೆ ಏನೂ ಇಲ್ಲ.

ಸ್ವರಕ್ಕೆ ಐದು ಸ್ವರದ ರಾಗ ಶುದ್ಧ ಧನ್ಯಾಸಿ ಹಿಡಿಯಿರಿ, ಮಧ್ಯೆ ಪ್ರತಿ ಮಧ್ಯಮ (ಮೇಲಿನ ಮ) ಸವರಿಕೊಂಡು ಹೋಗಿ. ಎಡಗೈ ಕಾರ್ಡ್‌ನಲ್ಲಿ ಅಂತರ ಗಾಂಧಾರ (ಮೇಲಿನ ಗ), ಬಲಗೈಯಲ್ಲಿ ಸಾಧಾರಣ (ಕೆಳಗಿನ ಗ). ಆ ಜಗಳದಲ್ಲೇ ರುಚಿ ಇರೋದು. ನಮ್ಮ ನಾದಸ್ವರದ ಗೆಳೆಯ ಕೇಳಿ, "ಎರಡು ಗಾಂಧಾರ ಒಟ್ಟಿಗಾ? ನಿಮ್ಮ ಗುರುಗಳು ಕೈ ಮುರೀತಾರೆ" ಅಂದ. ಅದೇ ಸ್ವರವನ್ನು ನಾನು ಕೀಬೋರ್ಡಿನ ಸ್ವರ ಬಗ್ಗಿಸುವ ಪಿಚ್ ಬೆಂಡ್‌ನಲ್ಲಿ ಮೇಲೆ ತಳ್ಳಿದಾಗ ಅವನೇ ತಲೆ ಆಡಿಸಿದ. ಎಷ್ಟು ತಳ್ಳಬೇಕು, ಯಾವ ಟೋನ್ ಮೇಲೆ ಯಾವುದನ್ನು ಕೂಡಿಸಿದ್ದೇನೆ ಅನ್ನೋದು ಮಾತ್ರ ಕೇಳಬೇಡಿ. ಸೀಸನ್ ಮುಗಿಯಲಿ.

ತಮಟೆ ಜೊತೆಗೂ ಒಂದು ಕೈ ನೋಡಿದೆ. ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರ ಚಿಕ್ಕಬಳ್ಳಾಪುರ ಜಿಲ್ಲೆ ನಮಗೆ ಪಕ್ಕದ್ದೇ, ಈ ಸೀಮೆಯಲ್ಲಿ ತಮಟೆಯವರಿಗೆ ಬರ ಇಲ್ಲ. ಹುಡುಗರು ತಿಶ್ರ ಹಿಡಿದಿದ್ದು ಎರಡೇ ನಿಮಿಷಕ್ಕೆ, ನಮ್ಮ ಪ್ಯಾಡ್‌ನವನಿಗೆ ಆರು ತಿಂಗಳು ಬೇಕಾಗಿತ್ತು. ಆದರೆ ತಮಟೆ ಕಾಯಿಸಿ ಬಾರಿಸಿದರೆ ನನ್ನ ಕೀಬೋರ್ಡ್ ಯಾರಿಗೆ ಕೇಳಬೇಕು? ಕೈಯಿಂದ ಎಂಟುನೂರು ಕೊಟ್ಟು ಕಳಿಸಿದೆ. ಬಯಲಲ್ಲಿ ಇನ್ನೊಮ್ಮೆ ನೋಡಬೇಕು.

ಮದುವೆಯ ರೆಕಾರ್ಡಿಂಗನ್ನು ಆ ತಾತನಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಸ್ಪೀಡ್ ಜಾಸ್ತಿ ಆಯ್ತಲ್ಲಪ್ಪ" ಅಂದರು. ಟೆಂಪೋ 72 ಇದ್ದಿದ್ದನ್ನು 58ಕ್ಕೆ ಇಳಿಸಿದ್ದೇನೆ. ಪ್ಯಾಡ್ ಹುಡುಗ ನಿದ್ದೆ ಬರುತ್ತೆ ಅಂತಾನೆ.