ಬಂದರಿನ ಪಕ್ಕ ಹಕ್ಕಿ ನೋಡೋಕೆ ಹೋಗ್ತೀರಾ? ಮೊದಲು ಉಬ್ಬರದ ಸಮಯ ನೋಡಿ

ವಸಂತದಲ್ಲಿ ಬಂದರಿನ ಪಕ್ಕ ಹಕ್ಕಿ ನೋಡಲು ಹೊರಟವರಿಗೆ ಒಂದು ಮಾತು. ಬೆಳಿಗ್ಗೆ ಬೇಗ ಏಳುವುದಕ್ಕಿಂತ ಉಬ್ಬರ ಇಳಿತದ ಪಟ್ಟಿ ನೋಡುವುದು ಮುಖ್ಯ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಕೆಸರಿನಲ್ಲಿ ದೂರ ದೂರ ಚದುರಿರುತ್ತವೆ, ಬರೀ ಚುಕ್ಕಿಗಳು. ಉಬ್ಬರಕ್ಕೆ ಒಂದೆರಡು ಗಂಟೆ ಮೊದಲು ಹೋಗಿ. ನೀರು ಏರಿದಂತೆ ಅವೇ ದಡದ ಕಡೆ ಸರಿಯುತ್ತಾ ಬರುತ್ತವೆ. ನೀವು ಸುಮ್ನೆ ಒಂದು ಕಡೆ ಕೂತರೆ ಸಾಕು.

ಸೂರ್ಯ ಬೆನ್ನ ಹಿಂದೆ ಇರಲಿ. ಎದುರು ಬಿಸಿಲಲ್ಲಿ ಎಲ್ಲ ಹಕ್ಕಿಯೂ ಕಪ್ಪೇ! ಬೈನಾಕ್ಯುಲರ್ 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮಸೂರದ್ದು) ಆದರೆ ಕೈ ನಡುಕ ಅಷ್ಟು ಗೊತ್ತಾಗುವುದಿಲ್ಲ. ಜಾಸ್ತಿ ಪವರ್ ಇದ್ದರೆ ಗಾಳಿಯಲ್ಲಿ ಕಷ್ಟ.

ಈ ಕಾಲದ ಮಜಾ ಬಣ್ಣ ಬದಲಾವಣೆಯಲ್ಲಿದೆ. ಚಳಿಗಾಲವಿಡೀ ಬೂದು ಬಣ್ಣದಲ್ಲಿದ್ದ ಡನ್ಲಿನ್ ಎಂಬ ಕೆಸರಿನ ಪುಟ್ಟ ಹಕ್ಕಿಗೆ ಹೊಟ್ಟೆಯ ಮೇಲೆ ಕಪ್ಪು ಮಚ್ಚೆ ಬರುತ್ತದೆ. ಅಲ್ಲೇ ಓಡಾಡುವ, ಅದಕ್ಕಿಂತ ದೊಡ್ಡ ಗ್ರೇ ಪ್ಲೋವರ್ ಹಕ್ಕಿಗೆ ಮುಖದಿಂದ ಹೊಟ್ಟೆಯವರೆಗೂ ಕಪ್ಪು. ನಾನು ಮೊದಲ ಸಲ ಬೇರೆಯೇ ಹಕ್ಕಿ ಅಂದುಕೊಂಡಿದ್ದೆ.

ಕಡಲಕ್ಕಿಯೋ (ಗಲ್) ರೀವವೋ (ಟರ್ನ್) ಅಂತ ಗೊಂದಲವಾದರೆ ಹಾರಾಟ ನೋಡಿ. ರೀವ ತೆಳ್ಳಗೆ, ರೆಕ್ಕೆ ಚೂಪು. ತಲೆ ತಗ್ಗಿಸಿ ನೀರು ನೋಡುತ್ತಾ ಹಾರಿ, ತಟ್ಟನೆ ಧುಮುಕುತ್ತದೆ. ಕಂಬದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು ನೀರುಕಾಗೆ, ಅದು ಸುಲಭ.

ಕಲ್ಲು, ಮರಳಿನ ಜಾಗದಲ್ಲಿ ಹಕ್ಕಿ ನಿಮ್ಮ ತಲೆಯ ಮೇಲೇ ಕೂಗುತ್ತಾ ಸುತ್ತುತ್ತಿದ್ದರೆ ಹತ್ತಿರದಲ್ಲೇ ಗೂಡಿದೆ ಅಂತ. ಮೊಟ್ಟೆ ಕಲ್ಲಿನಂತೆಯೇ ಕಾಣುತ್ತದೆ, ತುಳಿದುಬಿಡುತ್ತೀರಿ. ಬಂದ ದಾರಿಯಲ್ಲೇ ಹಿಂದೆ ಹೋಗಿ. ನಾಯಿ ಇದ್ದರೆ ಹಗ್ಗ ಬಿಚ್ಚಬೇಡಿ.